ಗ್ರಂಥಾಲಯದ ಸಭೆ, ಉಪನ್ಯಾಸ ಆನ್‌ಲೈನ್‌ನಲ್ಲಿ: ನಡೆಸುವುದು ಹೇಗೆ?

ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರೆಲ್ಲ ಒಂದು ಗಂಟೆಯ ಸಭೆಗೆಂದು ಬಸ್ ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದರೆ, ಅಂದು ಅಷ್ಟೂ ಊರುಗಳ ಗ್ರಂಥಾಲಯಕ್ಕೆ ಬೀಗ ಬಿದ್ದಂತೆಯೇ ಲೆಕ್ಕ. ಏಕೆಂದರೆ ಬಹುತೇಕ ಕಡೆ ಬಾಗಿಲು ತೆರೆಯುವುದರಿಂದ ಹಿಡಿದು ದಿನಪತ್ರಿಕೆ ಜೋಡಿಸಿಡುವವರೆಗೆ ಎಲ್ಲಕ್ಕೂ ಇರುವುದು ಅವರೊಬ್ಬರೇ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದು, ಆಮೇಲೆ ‘ಅರಿವು ಕೇಂದ್ರ’ಗಳೆಂದು ಹೆಸರಾದ ನಂತರ ಅನೇಕ ಕಡೆ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಬಂದಿವೆ. ಅವನ್ನು ಬಳಸಿಕೊಂಡು ಸಭೆಯನ್ನೂ ಸಾರ್ವಜನಿಕ ಕಾರ್ಯಕ್ರಮವನ್ನೂ ಆನ್‌ಲೈನ್‌ನಲ್ಲಿ ನಡೆಸುವುದು ಕಷ್ಟವಲ್ಲ. ಆದರೆ ಇವೆರಡೂ ಒಂದೇ ಬಗೆಯ ಕೆಲಸವೆಂದು ತಿಳಿದು ಒಂದೇ ರೀತಿ ಸಿದ್ಧತೆ ಮಾಡಿಕೊಂಡರೆ ಎರಡೂ ಕೆಡುತ್ತವೆ. ಸಭೆಯಲ್ಲಿ ಎಲ್ಲರೂ ಮಾತನಾಡಬೇಕು, ಹೊರಗಿನವರು ಒಳಗೆ ಬರಬಾರದು. ಕಾರ್ಯಕ್ರಮದಲ್ಲಿ ಒಬ್ಬರು ಮಾತನಾಡಬೇಕು, ಯಾರು ಬೇಕಾದರೂ ಕೇಳುವಂತಿರಬೇಕು.

ಮೊದಲು ವೇದಿಕೆಯ ಆಯ್ಕೆ

ಜೂಮ್‌ನ ಉಚಿತ ಖಾತೆಯಲ್ಲಿ 100 ಮಂದಿಯವರೆಗೆ ಸೇರಬಹುದಾದರೂ 40 ನಿಮಿಷಕ್ಕೆ ಸಭೆ ತಾನಾಗಿಯೇ ಮುಗಿದುಹೋಗುತ್ತದೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿಯೂ ಮಿತಿ 100 ಮಂದಿಯೇ. ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ 60 ನಿಮಿಷ ಸಿಗುತ್ತದೆ. ಜಿಟ್ಸಿ ಮೀಟ್ ಮುಕ್ತ ತಂತ್ರಾಂಶವಾಗಿದ್ದು, ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಮೇಲ್ವಿಚಾರಕರ ಮಾಸಿಕ ಸಭೆಗೆ 60 ನಿಮಿಷ ಧಾರಾಳವಾಯಿತು. ಸಾಲುವುದಿಲ್ಲ ಎನ್ನುವುದಾದರೆ ಮೊಟಕುಗೊಳಿಸಬೇಕಾದದ್ದು ಕಾರ್ಯಸೂಚಿಯನ್ನು.

ಸರ್ಕಾರಿ ಗ್ರಂಥಾಲಯದವರು ಇನ್ನೊಂದು ವಿಷಯವನ್ನು ಗಮನಿಸಬೇಕು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವು ಸರ್ಕಾರಿ ಅಧಿಕಾರಿಗಳು ಕಚೇರಿಯ ಕೆಲಸಕ್ಕೆ ಜೂಮ್ ಬಳಸಬಾರದೆಂದು ಸೂಚನೆ ಹೊರಡಿಸಿತ್ತು. ಹೀಗಾಗಿ ಇಲಾಖಾ ಸಭೆಗೆ ಯಾವ ವೇದಿಕೆ ಬಳಸಬೇಕೆಂಬುದನ್ನು ಮೇಲಧಿಕಾರಿಗಳಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಸರ್ಕಾರಿ ಕಚೇರಿಗಳಿಗೆಂದೇ ಎನ್‌ಐಸಿಯ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ವಿಡಿಯೊ ಕಾನ್ಫರೆನ್ಸ್ ವ್ಯವಸ್ಥೆಯೂ ಇದೆ.

ಸಾರ್ವಜನಿಕ ಉಪನ್ಯಾಸವಾದರೆ ಮೀಟಿಂಗ್ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚಲೇಬಾರದು. ಭಾಷಣಕಾರರು, ನಿರೂಪಕರು, ಪ್ರಶ್ನೆ ಕೇಳಲು ಹೆಸರು ನೋಂದಾಯಿಸಿದವರು ಮಾತ್ರ ಮೀಟಿಂಗ್‌ನಲ್ಲಿರಲಿ. ಉಳಿದವರೆಲ್ಲ ಯೂಟ್ಯೂಬ್ ನೇರಪ್ರಸಾರದಲ್ಲಿ ನೋಡಲಿ. ಜೂಮ್‌ನಿಂದ ಯೂಟ್ಯೂಬ್‌ಗೆ ನೇರವಾಗಿ ಕಳಿಸಲು ಹಣ ಕಟ್ಟಿದ ಖಾತೆ ಬೇಕಾಗುತ್ತದೆ. ಒಬಿಎಸ್ ಎಂಬ ಉಚಿತ ತಂತ್ರಾಂಶ ಬಲ್ಲವರಿದ್ದರೆ ಅದರಿಂದಲೂ ಈ ಕೆಲಸ ಆಗುತ್ತದೆ. ಹೊಸ ಚಾನೆಲ್‌ನಲ್ಲಿ ನೇರಪ್ರಸಾರದ ಅನುಮತಿ ದೊರೆಯಲು 24 ಗಂಟೆಯವರೆಗೆ ಕಾಯಬೇಕಾಗಬಹುದು, ಮೊಬೈಲಿನಿಂದಲೇ ಪ್ರಸಾರ ಮಾಡಲು 50 ಚಂದಾದಾರರಿರಬೇಕು. ಆದಕಾರಣ ಚಾನೆಲ್ ತೆರೆಯುವ ಕೆಲಸವನ್ನು ಕಾರ್ಯಕ್ರಮದ ದಿನ ಬೆಳಿಗ್ಗೆಗೆ ಉಳಿಸಿಕೊಳ್ಳಬೇಡಿ.

ಸಭೆಯಾದರೆ

ನೋಟಿಸಿನಲ್ಲಿ ದಿನಾಂಕ, ಸಮಯ, ಕಾರ್ಯಸೂಚಿಯ ಜೊತೆಗೆ ಲಿಂಕ್ ಮತ್ತು ಪಾಸ್‌ಕೋಡ್ ಎರಡನ್ನೂ ಮುದ್ರಿಸಿ. ಲಿಂಕ್ ತೆರೆಯದವರು ಕರೆ ಮಾಡಲು ಒಂದು ಫೋನ್ ನಂಬರ್ ಸಹ ಇರಲಿ. ಆನ್‌ಲೈನ್ ಹಾಜರಾತಿಯನ್ನು ಕೋರಂಗೆ (ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆಗೆ) ಪರಿಗಣಿಸಬಹುದೇ ಎಂಬುದನ್ನು ಸಮಿತಿಯ ನಿಯಮಾವಳಿ ನೋಡಿ ಮುಂಚಿತವಾಗಿಯೇ ಇತ್ಯರ್ಥ ಮಾಡಿಕೊಳ್ಳಿ.

ವೇಟಿಂಗ್ ರೂಮ್ ಸೌಲಭ್ಯವನ್ನು ಚಾಲೂ ಮಾಡಿಟ್ಟರೆ ಹೋಸ್ಟ್ (ಸಭೆ ನಡೆಸುವವರು) ಒಪ್ಪಿದವರಷ್ಟೇ ಒಳಗೆ ಬರುತ್ತಾರೆ. ಇಲ್ಲೊಂದು ಪೇಚಾಟ ತಪ್ಪಿದ್ದಲ್ಲ: ಪರದೆಯ ಮೇಲೆ ಸದಸ್ಯರ ಹೆಸರಿನ ಬದಲು ಫೋನಿನ ಹೆಸರೋ, ಮನೆಯ ಮಗುವಿನ ಆನ್‌ಲೈನ್ ಪಾಠಕ್ಕೆಂದು ಹಾಕಿದ್ದ ‘5ನೇ ತರಗತಿ, ರೋಲ್ ನಂಬರ್ 12’ ಎಂಬುದೋ ಕಾಣಿಸುತ್ತದೆ. ಇಂಥವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಹೋಸ್ಟ್ ತಡಕಾಡುವಂತಾಗಬಾರದೆಂದರೆ ‘ಹೆಸರು, ಊರು’ ಎಂಬ ಕ್ರಮದಲ್ಲಿ ಹೆಸರು ಬದಲಿಸಿಕೊಂಡೇ ಬರಬೇಕೆಂದು ನೋಟಿಸಿನಲ್ಲಿಯೇ ತಿಳಿಸಿ. ಆರಂಭದಲ್ಲಿ ಹೆಸರು ಕೂಗಿ ಹಾಜರಾತಿ ಹಾಕಿಕೊಳ್ಳಿ. ಕರೆದಾಗಲಾದರೂ ಪ್ರತಿಯೊಬ್ಬರೂ ವಿಡಿಯೊ ಆನ್ ಮಾಡಲಿ.

ಠರಾವಿನ ಸಂದರ್ಭದಲ್ಲಿ ವಿಶೇಷ ಎಚ್ಚರ ಅಗತ್ಯ. ಅಧ್ಯಕ್ಷರು ‘ಎಲ್ಲರ ಒಪ್ಪಿಗೆ ಇದೆಯೇ’ ಎಂದು ಕೇಳಿದಾಗ ಕೋಣೆಯೊಳಗಿನ ಸಭೆಯಲ್ಲಿ ಮೌನವನ್ನು ಸಮ್ಮತಿಯೆಂದು ತಿಳಿಯಬಹುದು. ಆನ್‌ಲೈನ್‌ನಲ್ಲಿ ಅದು ಸಮ್ಮತಿಯೂ ಆಗಿರಬಹುದು, ಮ್ಯೂಟ್ ತೆಗೆಯಲು ಗೊತ್ತಾಗದ ಪರದಾಟವೂ ಆಗಿರಬಹುದು, ಐದು ನಿಮಿಷದ ಹಿಂದೆಯೇ ನೆಟ್‌ವರ್ಕ್ ಹೋಗಿರಲೂಬಹುದು. ಪುಸ್ತಕ ಖರೀದಿ, ಅನುದಾನದ ಹಂಚಿಕೆಯಂಥ ಹಣಕಾಸಿನ ವಿಷಯಗಳಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ, ಅವರ ಉತ್ತರವನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕು. ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಿಸುವಾಗ ತಕರಾರು ಏಳದಿರಲು ಇದೊಂದೇ ದಾರಿ.

ಕಾರ್ಯಕ್ರಮವಾದರೆ

ಭಾಷಣಕಾರರನ್ನು ಪರಿಚಯಿಸುವ ಗ್ರಂಥಪಾಲಕರೇ ಬಾಗಿಲನ್ನೂ ಕಾಯಬೇಕು, ಚಾಟ್‌ನ ಪ್ರಶ್ನೆಗಳನ್ನೂ ಓದಬೇಕು ಎಂದರೆ ಆಗದ ಮಾತು. ಕನಿಷ್ಠ ಮೂವರು ಬೇಕು: ನಿರೂಪಣೆಗೆ ಒಬ್ಬರು, ಕೋ-ಹೋಸ್ಟ್ ಆಗಿ ಮ್ಯೂಟ್ ಮತ್ತು ಪ್ರವೇಶ ನೋಡಿಕೊಳ್ಳಲು ಒಬ್ಬರು, ಯೂಟ್ಯೂಬ್ ಚಾಟ್‌ನಿಂದ ಪ್ರಶ್ನೆ ಆರಿಸಿ ಕೊಡಲು ಇನ್ನೊಬ್ಬರು. ಎರಡನೆಯವರು ಬೇರೊಂದು ಇಂಟರ್‌ನೆಟ್ ಸಂಪರ್ಕದಲ್ಲಿರಲಿ. ಗ್ರಂಥಾಲಯದಲ್ಲಿ ಕರೆಂಟ್ ಹೋಗಿ ವೈಫೈ ನಿಂತರೂ, ಮೊಬೈಲ್ ಡೇಟಾದಲ್ಲಿರುವ ಕೋ-ಹೋಸ್ಟ್ ಕಾರ್ಯಕ್ರಮವನ್ನು ಮುಂದುವರಿಸಬಹುದು. ಪ್ರೇಕ್ಷಕರಿಗೆ ಸ್ಕ್ರೀನ್ ಶೇರ್ ಅವಕಾಶವನ್ನು ಮೊದಲೇ ಮುಚ್ಚಿಬಿಡಿ.

ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕಡಿದು ಕಡಿದು ಬಂದರೆ ಎದ್ದುಹೋಗುತ್ತಾರೆ. ಆದ್ದರಿಂದ ಖರ್ಚು ಮಾಡುವುದಿದ್ದರೆ ಕ್ಯಾಮೆರಾಗಿಂತ ಮೊದಲು ಕಾಲರ್ ಮೈಕ್ ಕೊಳ್ಳಬೇಕು. ಇಂಟರ್‌ನೆಟ್ ಪರೀಕ್ಷಿಸುವಾಗ ಡೌನ್‌ಲೋಡ್ ವೇಗ ನೋಡಿ ಸಮಾಧಾನಪಡದೆ ಅಪ್‌ಲೋಡ್ ವೇಗವನ್ನೂ ನೋಡಿ. ಜೂಮ್‌ನಲ್ಲಿ ಗುಂಪು ಸಭೆಗೆ 720ಪಿ (ಎಚ್‌ಡಿ) ಗುಣಮಟ್ಟದ ಚಿತ್ರ ಕಳಿಸಲು ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್ ಅಪ್‌ಲೋಡ್ ಬೇಕಾಗುತ್ತದೆ. ಅಷ್ಟಿಲ್ಲದಿದ್ದರೆ ಎಚ್‌ಡಿ ಆಯ್ಕೆಯನ್ನು ತೆಗೆದುಹಾಕಿ. ಒಂದೇ ಕೋಣೆಯಲ್ಲಿ ಇಬ್ಬರು ತಮ್ಮ ತಮ್ಮ ಫೋನಿನಿಂದ ಸೇರಿಕೊಂಡರೆ ಒಂದರ ಸ್ಪೀಕರ್ ಸದ್ದು ಇನ್ನೊಂದರ ಮೈಕಿಗೆ ಹೋಗಿ ಕಿವಿಗಡಚಿಕ್ಕುವ ಕೀರಲು ಧ್ವನಿ ಏಳುತ್ತದೆ. ಅಂಥಲ್ಲಿ ಒಂದು ಉಪಕರಣದ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಬೇಕು.

ಗಮಕ ವಾಚನ, ಭಾವಗೀತೆಗಳ ಕಾರ್ಯಕ್ರಮವಿದ್ದರೆ ಇನ್ನಷ್ಟು ಸಿದ್ಧತೆ ಬೇಕು. ಈ ತಂತ್ರಾಂಶಗಳು ಫ್ಯಾನಿನ ಗುಂಯ್‌ಗುಡುವಿಕೆಯಂಥ ಒಂದೇ ಸಮನೆ ಇರುವ ಸದ್ದನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ. ತಂಬೂರಿಯ ಅಥವಾ ಶ್ರುತಿಪೆಟ್ಟಿಗೆಯ ನಾದವೂ ಹಾಗೆಯೇ ಒಂದೇ ಸಮನೆ ಇರುವುದರಿಂದ ಅದಕ್ಕೂ ಇದೇ ಗತಿಯಾಗಬಹುದು. ಗಮಕಿಗಳು ಶ್ರುತಿ ಹಿಡಿದು ಹಾಡುತ್ತಿದ್ದರೂ ಕೇಳುಗರಿಗೆ ಶ್ರುತಿಯೇ ಇಲ್ಲದ, ಆಗೀಗ ಎಳೆತ ಕತ್ತರಿಸಿಹೋದ ಹಾಡು ತಲುಪುತ್ತದೆ. ಜೂಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ. ಅದನ್ನು ಚಾಲೂ ಮಾಡಿದ ಮೇಲೆ ಕೋಣೆಯ ಫ್ಯಾನನ್ನು ಮಾತ್ರ ಮರೆಯದೆ ಆರಿಸಿ, ಈಗ ಅದರ ಸದ್ದೂ ಹಾಗೆಯೇ ಹೋಗುತ್ತದೆ. ವಾಚನ ಮುಗಿದ ಮೇಲೆ ವ್ಯಾಖ್ಯಾನ ಬರುವುದರಿಂದ ಗಮಕಿಗಳು ಮೈಸೂರಿನಲ್ಲಿ, ವ್ಯಾಖ್ಯಾನಕಾರರು ಹಾಸನದಲ್ಲಿ ಇದ್ದರೂ ನಡೆಯುತ್ತದೆ. ಆದರೆ ಹಾಡುವವರು ಒಂದೂರಿನಲ್ಲಿ, ಪಕ್ಕವಾದ್ಯದವರು ಇನ್ನೊಂದೂರಿನಲ್ಲಿ ಕುಳಿತರೆ ತಾಳ ಎಂದಿಗೂ ಕೂಡುವುದಿಲ್ಲ, ಏಕೆಂದರೆ ಧ್ವನಿ ತಲುಪುವಷ್ಟರಲ್ಲಿ ಸೆಕೆಂಡಿನ ಒಂದಂಶ ಕಳೆದಿರುತ್ತದೆ. ಸಾಮೂಹಿಕ ನಾಡಗೀತೆಯನ್ನೂ ಎಲ್ಲರ ಮೈಕ್ ತೆರೆದು ಹಾಡಿಸುವ ಸಾಹಸ ಬೇಡ. ಒಬ್ಬರು ಹಾಡಲಿ, ಉಳಿದವರು ಮ್ಯೂಟ್‌ನಲ್ಲಿದ್ದು ದನಿಗೂಡಿಸಲಿ.

ಭಾಷಣಕಾರರು ಸ್ಲೈಡ್ ತೋರಿಸುವುದಿದ್ದರೆ ಹಿಂದಿನ ದಿನವೇ ಪಿಡಿಎಫ್ ರೂಪದಲ್ಲಿ ತರಿಸಿಕೊಳ್ಳಿ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆಯಾಗಿ ಕಾಣಿಸುತ್ತದೆ.

ಹೊರದೇಶದ ಕನ್ನಡಿಗರನ್ನು ಆಹ್ವಾನಿಸುವಾಗ ಗಡಿಯಾರದ ಲೆಕ್ಕ ತಪ್ಪಬಾರದು. ನಮ್ಮ ಸಂಜೆ 6.30ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 6 ಗಂಟೆಯಾದರೆ, ಚಳಿಗಾಲದಲ್ಲಿ ನಸುಕಿನ 5 ಗಂಟೆ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಅಲ್ಲಿನ ಲೇಖಕರಿಂದ ಉಪನ್ಯಾಸ ಏರ್ಪಡಿಸುವುದಾದರೆ ನಮ್ಮ ಬೆಳಗಿನ ಹೊತ್ತನ್ನು ಗೊತ್ತುಮಾಡುವುದು ಸೌಜನ್ಯ.

ಹಕ್ಕು, ಅನುಮತಿ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಹಾಗೂ ಅವರ ನಿಧನದ ನಂತರ 60 ವರ್ಷ ಇರುತ್ತದೆ. ಕತೆಯೊಂದನ್ನು ಪೂರ್ತಿಯಾಗಿ ಓದಿ ಯೂಟ್ಯೂಬ್‌ಗೆ ಏರಿಸುವ ಮುನ್ನ ಲೇಖಕರ ಅಥವಾ ಹಕ್ಕುದಾರರ ಅನುಮತಿಪತ್ರ ಪಡೆದು ಕಡತದಲ್ಲಿಡಿ. ನಡುಗನ್ನಡ ಕಾವ್ಯಗಳಿಗೆ ಈ ತೊಡಕಿಲ್ಲ, ಆದರೆ ಇತ್ತೀಚಿನವರು ಬರೆದ ಗದ್ಯಾನುವಾದ, ಟಿಪ್ಪಣಿಗಳಿಗೆ ಇದೆ.

ಮಕ್ಕಳ ಕತೆ ಹೇಳುವ ಕಾರ್ಯಕ್ರಮದಲ್ಲಿ ಖಾಸಗಿ ಚಾಟ್ ಸಂಪೂರ್ಣ ಬಂದ್ ಆಗಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಮುಖ, ಹೆಸರು, ಶಾಲೆ ಕಾಣುವ ರೆಕಾರ್ಡಿಂಗನ್ನು ಸಾರ್ವಜನಿಕವಾಗಿ ಹಾಕದಿರುವುದೇ ಕ್ಷೇಮ. ಕತೆ ಹೇಳುವವರದ್ದಷ್ಟೇ ದಾಖಲಾದರೆ ಸಾಕು.

ಮುಗಿದ ಮೇಲೆ

ಯೂಟ್ಯೂಬ್‌ನ ಎಡಿಟರ್‌ನಲ್ಲಿ ‘ಕೇಳಿಸ್ತಿದೆಯಾ ಸರ್, ಕೇಳಿಸ್ತಿದೆಯಾ’ ಎಂಬ ಆರಂಭದ ಭಾಗವನ್ನು ಕತ್ತರಿಸಿ, ಭಾಷಣಕಾರರ ಹೆಸರು, ವಿಷಯ, ದಿನಾಂಕವನ್ನು ಕನ್ನಡದಲ್ಲಿಯೇ ಶೀರ್ಷಿಕೆಯಾಗಿ ಕೊಡಿ. ಇಲ್ಲದಿದ್ದರೆ ಹುಡುಕಿದವರಿಗೆ ಸಿಗುವುದಿಲ್ಲ. ಅದರ ಕ್ಯೂಆರ್ ಕೋಡನ್ನು ಸೂಚನಾ ಫಲಕಕ್ಕೆ ಅಂಟಿಸಿ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯ ಓದುಗರಿಗಾಗಿ, ಗ್ರಂಥಾಲಯದಲ್ಲಿ ಟಿವಿ ಇದ್ದರೆ, ಒಂದು ದಿನ ಗೊತ್ತುಮಾಡಿ ಅದನ್ನು ಪುನಃ ಹಾಕಿ ತೋರಿಸಬಹುದು. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆಸಿಕೊಂಡು ಭಾಷಣಕಾರರಿಗೆ ಕಳಿಸಬಹುದು.