ಡೆಸ್ಕ್‌ಟಾಪ್ ಎಲ್ಲಿದೆ ಅಂತ ಸ್ಕ್ರಿಪ್ಟಿಗೆ ನಾನು ಹೇಳುವುದಿಲ್ಲ

ತೆರಿಗೆ ಸಲಹೆಗಾರರ ಕಚೇರಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಹುಪಾಲು ಪ್ರಿಂಟರು, ಟ್ಯಾಲಿ ಬ್ಯಾಕಪ್ಪು, ಮರೆತುಹೋದ ಪಾಸ್‌ವರ್ಡು. ಅದರ ಜೊತೆಗೆ ಒಂದಿಷ್ಟು ಸ್ಕ್ರಿಪ್ಟುಗಳೂ ನನ್ನ ಪಾಲಿಗೆ ಬಂದಿವೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ (ಮಾರಾಟಗಾರರು ತೋರಿಸಿದ ಬಿಲ್ಲುಗಳ ಪಟ್ಟಿ) ತಯಾರಾಗುತ್ತದಲ್ಲ, ಅದನ್ನು ಟ್ಯಾಲಿಯ ಖರೀದಿ ರಿಜಿಸ್ಟರ್ ಜೊತೆ ತಾಳೆ ನೋಡುವ ಪೈಥಾನ್ ಸ್ಕ್ರಿಪ್ಟು ಒಂದು. ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಒಂದೇ ಹಾಳೆಗೆ ಕೂಡಿಸುವ ಎಕ್ಸೆಲ್ ಮ್ಯಾಕ್ರೊ ಇನ್ನೊಂದು. ರಾತ್ರಿ ಬ್ಯಾಕಪ್ ತೆಗೆಯುವ ಬ್ಯಾಚ್ ಫೈಲು ಮತ್ತೊಂದು. ಬರೆದವರು ಯಾವತ್ತೋ ಕೆಲಸ ಬಿಟ್ಟಿದ್ದರು, ಸ್ಕ್ರಿಪ್ಟಿನೊಳಗೆ ಬರೆದಿಟ್ಟ ಪಾತ್‌ಗಳಲ್ಲಿ, ಅಂದರೆ ಫೈಲು ಇರುವ ವಿಳಾಸಗಳಲ್ಲಿ, ಅವರ ಯೂಸರ್‌ನೇಮ್ ಮಾತ್ರ ಎಲ್ಲ ಕಡೆ ಉಳಿದಿತ್ತು: ಸಿ:\ಯೂಸರ್ಸ್\ಆಫೀಸ್1\ಡೆಸ್ಕ್‌ಟಾಪ್\2ಬಿ.

ಆ ಹೆಸರಿನ ಯೂಸರ್ ಇಲ್ಲದ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟಿಗೆ ಫೈಲು ಸಿಗುವುದಿಲ್ಲ. ಹಾಗಾಗಿ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಅದರಲ್ಲೂ ‘ಆಫೀಸ್1’ ಅನ್ನುವ ಯೂಸರನ್ನೇ ಸೃಷ್ಟಿಸುವುದು ಕಚೇರಿಯ ರೂಢಿಯಾಗಿತ್ತು. ಸ್ಕ್ರಿಪ್ಟಿಗೋಸ್ಕರ ಮನುಷ್ಯರ ಹೆಸರು ಬದಲಾಯಿಸುವ ಪದ್ಧತಿ. ಅದೂ ಎಲ್ಲ ಸಲ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಿಂದ ವಿಂಡೋಸ್ ಸೆಟಪ್ ಮಾಡಿದರೆ ಪ್ರೊಫೈಲ್ ಫೋಲ್ಡರಿಗೆ ಇಮೇಲ್ ವಿಳಾಸದ ಮೊದಲ ಐದು ಅಕ್ಷರವೇ ಹೆಸರು. ಅದೇ ಹೆಸರಿನ ಹಳೆಯ ಫೋಲ್ಡರ್ ಇದ್ದರೆ ವಿಂಡೋಸ್ ಬಾಲಕ್ಕೆ ಇನ್ನೇನನ್ನೋ ಅಂಟಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಯೂಸರ್ ಹೆಸರು ಬದಲಿಸಿದರೂ ಫೋಲ್ಡರ್ ಹೆಸರು ಕದಲುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದೇ ಫೋಲ್ಡರುಗಳು ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಒಳಗಿದ್ದವು, 2007ರಲ್ಲಿ ವಿಸ್ತಾ ಬಂದ ಮೇಲೆ ‘ಯೂಸರ್ಸ್’ಗೆ ಬಂದವು. ಜಾಗ ಗೊತ್ತಿರುವುದು ವಿಂಡೋಸಿಗೆ. ಹಾಗಾಗಿ ಅದನ್ನೇ ಕೇಳಬೇಕು ಅಂತ ತೀರ್ಮಾನ ಮಾಡಿ ಒಂದೊಂದೇ ಸ್ಕ್ರಿಪ್ಟನ್ನು ಬಿಚ್ಚಿದೆ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಸ್ಪೆಲಿಂಗ್ ಬಳಸಿ.

ಮೊದಲು ಹುಡುಕಾಟ. ಫೈಂಡ್‌ಸ್ಟರ್ ಕಮಾಂಡಿಗೆ /ಎಸ್ /ಐ /ಎನ್ ಕೊಟ್ಟು ‘ಯೂಸರ್ಸ್’ ಅಂತ ಹುಡುಕಿದರೆ ಬ್ಯಾಚ್, ಪವರ್‌ಶೆಲ್, ಪೈಥಾನ್ ಫೈಲುಗಳಲ್ಲಿ ಎಲ್ಲೆಲ್ಲಿದೆ ಅಂತ ಸಾಲಿನ ಸಂಖ್ಯೆ ಸಮೇತ ಸಿಗುತ್ತದೆ. ಆದರೆ ಎಕ್ಸೆಲ್ ಫೈಲಿನ ಒಳಗಿನ ಮ್ಯಾಕ್ರೊ ಇದಕ್ಕೆ ಕಾಣುವುದಿಲ್ಲ, ಯಾಕೆಂದರೆ ಆ ಫೈಲು ಒಳಗೆ ಜಿಪ್ ಆಗಿರುತ್ತದೆ. ಅದನ್ನು ತೆರೆದು ಆಲ್ಟ್-ಎಫ್11 ಒತ್ತಿ ಒಳಗೇ ಹುಡುಕಬೇಕು. ಎಕ್ಸೆಲ್‌ಗೆ ಹೊರಗಿನ ಡೇಟಾ ತರುವ ಪವರ್ ಕ್ವೆರಿಯ ಸೋರ್ಸ್ ಸಾಲು, ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟು, ನಿಗದಿತ ಹೊತ್ತಿಗೆ ಸ್ಕ್ರಿಪ್ಟು ಓಡಿಸುವ ಟಾಸ್ಕ್ ಷೆಡ್ಯೂಲರ್ ಇವನ್ನೂ ಬಿಡುವಂತಿಲ್ಲ. ನನಗೆ ಹೆಚ್ಚು ಸಿಕ್ಕಿದ್ದು ಕೊನೆಯ ಎರಡರಲ್ಲೇ.

ಸಿಕ್ಕಿದ್ದನ್ನೆಲ್ಲ ಫೈಂಡ್-ರಿಪ್ಲೇಸ್ ಮಾಡಿ %ಯೂಸರ್‌ಪ್ರೊಫೈಲ್% (ಲಾಗಿನ್ ಆದವರ ಫೋಲ್ಡರಿನ ಪಾತನ್ನು ವಿಂಡೋಸೇ ತುಂಬುವ ಹೆಸರು) ಹಾಕುವುದು ಸುಲಭ, ಅನೇಕರು ಮಾಡುವುದೂ ಅದನ್ನೇ. ನಾನು ಹಾಗೆ ಮಾಡಲಿಲ್ಲ. ಪ್ರತಿ ಪಾತ್ ಎದುರು ಒಂದು ಪ್ರಶ್ನೆ ಬರೆದುಕೊಂಡೆ: ಈ ಫೈಲು ಯಾರದು? ಸ್ಕ್ರಿಪ್ಟಿನದೇ ಸಾಮಾನೋ, ಕೂತು ಕೆಲಸ ಮಾಡುವವರು ತಂದುಕೊಟ್ಟದ್ದೋ, ಕಚೇರಿಯದೋ? ಉತ್ತರ ಬದಲಾದ ಹಾಗೆ ಪರಿಹಾರವೂ ಬದಲಾಗುತ್ತದೆ.

ಸ್ಕ್ರಿಪ್ಟಿನದೇ ಸಾಮಾನು ಅಂದರೆ ಟೆಂಪ್ಲೇಟು, ಸರಕುಗಳ ಎಚ್‌ಎಸ್‌ಎನ್ ಕೋಡುಗಳ ಪಟ್ಟಿ, ಸೆಟ್ಟಿಂಗ್ಸ್ ಫೈಲು. ಇವು ಸ್ಕ್ರಿಪ್ಟಿನ ಪಕ್ಕದಲ್ಲೇ ಇರಲಿ, ‘ನನ್ನ ಪಕ್ಕದಲ್ಲಿ ಹುಡುಕು’ ಅಂದರೆ ಸಾಕು. ಆದರೆ ಬರೀ ‘ಟೆಂಪ್ಲೇಟ್.ಎಕ್ಸ್‌ಎಲ್‌ಎಸ್‌ಎಕ್ಸ್’ ಅಂತ ಹೆಸರು ಕೊಟ್ಟರೆ ಹುಡುಕುವುದು ಸ್ಕ್ರಿಪ್ಟಿನ ಪಕ್ಕದಲ್ಲಲ್ಲ, ಆ ಹೊತ್ತಿಗೆ ಯಾವುದು ಕರೆಂಟ್ ಫೋಲ್ಡರೋ ಅದರಲ್ಲಿ. ಮದುವೆ ಮನೆಯಲ್ಲಿ ‘ಪಕ್ಕದ ಕೋಣೇಲಿದೆ’ ಅಂದ ಹಾಗೆ, ಯಾರು ಎಲ್ಲಿ ನಿಂತು ಕೇಳಿಸಿಕೊಂಡರು ಅನ್ನುವುದರ ಮೇಲೆ ಕೋಣೆ ಬದಲಾಗುತ್ತದೆ. ಡಬಲ್ ಕ್ಲಿಕ್ ಮಾಡಿದಾಗ ಎರಡೂ ಒಂದೇ ಆಗಿರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಟಾಸ್ಕ್ ಷೆಡ್ಯೂಲರಿನಲ್ಲಿ ‘ಸ್ಟಾರ್ಟ್ ಇನ್’ ಖಾಲಿ ಬಿಟ್ಟರೆ ಕರೆಂಟ್ ಫೋಲ್ಡರ್ ಸಿಸ್ಟಮ್32 ಆಗಿರುತ್ತದೆ, ಟೆಂಪ್ಲೇಟ್ ಅಲ್ಲಿ ಎಲ್ಲಿಂದ ಬರಬೇಕು.

ಪವರ್‌ಶೆಲ್‌ನಲ್ಲಿ ಇದಕ್ಕೆ $ಪಿಎಸ್‌ಸ್ಕ್ರಿಪ್ಟ್‌ರೂಟ್ ಇದೆ. ಪೈಥಾನ್‌ನಲ್ಲಿ ಪಾತ್(__ಫೈಲ್__).ರಿಸಾಲ್ವ್().ಪೇರೆಂಟ್ ಅನ್ನುವ ಒಂದು ಸಾಲು. ಪಾತ್‌ಲಿಬ್ 2014ರ 3.4ನೇ ಆವೃತ್ತಿಯಿಂದಲೂ ಪೈಥಾನ್ ಜೊತೆಗೇ ಬರುತ್ತಿದೆ, ಸ್ಲ್ಯಾಶುಗಳನ್ನು ಕೈಯಿಂದ ಅಂಟಿಸುವುದಕ್ಕೆ ಈಗ ನೆಪವಿಲ್ಲ. ಬ್ಯಾಚ್ ಫೈಲಿನಲ್ಲಿ %~ಡಿಪಿ0. ಇದರಲ್ಲಿ ಒಂದು ಕೊಕ್ಕೆ ಇದೆ: ಇದು ಯಾವಾಗಲೂ ಬ್ಯಾಕ್‌ಸ್ಲ್ಯಾಶಿನಿಂದ ಮುಗಿಯುತ್ತದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಫೈಲು ನಕಲು ಮಾಡುವ ರೋಬೋಕಾಪಿಗೆ ಕೊಟ್ಟರೆ ಕೊನೆಯ ಬ್ಯಾಕ್‌ಸ್ಲ್ಯಾಶು ಮುಚ್ಚುವ ಚಿಹ್ನೆಯನ್ನೇ ನುಂಗಿ, ಮೂಲ ಮತ್ತು ಗುರಿ ಎರಡೂ ಪಾತ್‌ಗಳು ಒಂದಾಗಿಬಿಡುತ್ತವೆ. "%~ಡಿಪಿ0." ಅಂತ ಕೊನೆಗೆ ಒಂದು ಚುಕ್ಕೆ ಇಟ್ಟರೆ ಸರಿ. ಪಾತ್‌ನಲ್ಲಿ ಚುಕ್ಕೆ ಅಂದರೆ ‘ಇದೇ ಫೋಲ್ಡರ್’ ಅಷ್ಟೇ, ಅರ್ಥ ಕೆಡುವುದಿಲ್ಲ.

ಎರಡನೆಯದು, ಜನರು ತಂದುಕೊಡುವ ಫೈಲು. ಇಲ್ಲೇ ಹೆಚ್ಚು ಹೊತ್ತು ಹೋಯಿತು. ಹಳೆಯ ಸ್ಕ್ರಿಪ್ಟು 2ಬಿ ಫೈಲನ್ನು ಡೆಸ್ಕ್‌ಟಾಪಿನಿಂದ ಎತ್ತಿಕೊಂಡು ಫಲಿತಾಂಶವನ್ನೂ ಅಲ್ಲೇ ಇಡುತ್ತಿತ್ತು. ಯೂಸರ್‌ಪ್ರೊಫೈಲ್ ಮುಂದೆ ‘ಡೆಸ್ಕ್‌ಟಾಪ್’ ಅಂತ ಸೇರಿಸಿದರೆ ಮುಗಿಯಿತು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಒನ್‌ಡ್ರೈವ್ ಬ್ಯಾಕಪ್ ಆನ್ ಇರುವ ಕಂಪ್ಯೂಟರಿನಲ್ಲಿ ನಿಜವಾದ ಡೆಸ್ಕ್‌ಟಾಪ್ ಒನ್‌ಡ್ರೈವ್ ಫೋಲ್ಡರಿನ ಒಳಗಿರುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕೂಡ ಹಾಗೇ. ಫೋಲ್ಡರ್ ಇಲ್ಲದಿದ್ದರೆ ತಾನೇ ಸೃಷ್ಟಿಸುವ ಸಾಲು ಸ್ಕ್ರಿಪ್ಟಿನಲ್ಲಿದ್ದರಂತೂ ಕೇಳುವುದೇ ಬೇಡ. ಅದು ಹಳೆಯ ಜಾಗದಲ್ಲಿ ಹೊಸ ‘ಡೆಸ್ಕ್‌ಟಾಪ್’ ಮಾಡಿ, ಫಲಿತಾಂಶವನ್ನು ಅಲ್ಲಿಟ್ಟು, ‘ಆಯ್ತು’ ಅನ್ನುತ್ತದೆ. ಎರರ್ ಇಲ್ಲ, ಪರದೆ ಮೇಲೆ ಫೈಲೂ ಇಲ್ಲ.

ಡೆಸ್ಕ್‌ಟಾಪ್ ಎಲ್ಲಿದೆ ಅಂತ ಕೇಳುವ ನೇರ ದಾರಿ ಪವರ್‌ಶೆಲ್‌ನಲ್ಲಿ [ಎನ್ವಿರಾನ್‌ಮೆಂಟ್]::ಗೆಟ್‌ಫೋಲ್ಡರ್‌ಪಾತ್('ಡೆಸ್ಕ್‌ಟಾಪ್'). ಒನ್‌ಡ್ರೈವ್ ಇರಲಿ ಬಿಡಲಿ, ಸರಿಯಾದ ಜಾಗ ಹೇಳುತ್ತದೆ. ಮ್ಯಾಕ್ರೊದಲ್ಲಾದರೆ ಡಬ್ಲ್ಯುಸ್ಕ್ರಿಪ್ಟ್.ಶೆಲ್‌ನ ಸ್ಪೆಷಲ್‌ಫೋಲ್ಡರ್ಸ್. ತಮಾಷೆ ಎಂದರೆ, ಎಲ್ಲರಿಗೂ ಬೇಕಾಗುವ ಡೌನ್‌ಲೋಡ್ಸ್ ಮಾತ್ರ ಗೆಟ್‌ಫೋಲ್ಡರ್‌ಪಾತ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಶೆಲ್.ಅಪ್ಲಿಕೇಶನ್‌ನ ನೇಮ್‌ಸ್ಪೇಸಿಗೆ ‘ಶೆಲ್:ಡೌನ್‌ಲೋಡ್ಸ್’ ಕೊಟ್ಟು ಕೇಳಬೇಕು. ಪೈಥಾನ್‌ನಲ್ಲಿ ಪ್ಲಾಟ್‌ಫಾರ್ಮ್‌ಡರ್ಸ್ ಅನ್ನುವ ಪುಟ್ಟ ಲೈಬ್ರರಿ ಇದೆಲ್ಲವನ್ನೂ ಮಾಡಿಕೊಡುತ್ತದೆ.

ಇಷ್ಟೆಲ್ಲ ಆದಮೇಲೆ 2ಬಿ ಸ್ಕ್ರಿಪ್ಟಿಗೆ ನಾನು ಇದ್ಯಾವುದನ್ನೂ ಬಳಸಲಿಲ್ಲ. ಫೈಲು ಎಲ್ಲಿದೆ ಅಂತ ಸ್ಕ್ರಿಪ್ಟು ಊಹಿಸುವುದೇ ಬೇಡ, ಕೈಯಲ್ಲಿ ಹಿಡಿದುಕೊಂಡಿರುವವರೇ ಕೊಡಲಿ ಅನಿಸಿತು. ಫೈಲನ್ನು ಎಳೆದು ಸ್ಕ್ರಿಪ್ಟಿನ ಐಕಾನ್ ಮೇಲೆ ಬಿಟ್ಟರೆ ಅದರ ಪೂರ್ತಿ ಪಾತ್ ಮೊದಲ ಆರ್ಗ್ಯುಮೆಂಟಾಗಿ, ಅಂದರೆ ಸ್ಕ್ರಿಪ್ಟಿಗೆ ಹೊರಗಿನಿಂದ ಕೊಡುವ ಮಾಹಿತಿಯಾಗಿ, ಬರುತ್ತದೆ. ಫಲಿತಾಂಶವನ್ನು ಬಂದ ಫೈಲಿನ ಪಕ್ಕದಲ್ಲೇ ಇಡುತ್ತದೆ. ಪೆನ್‌ಡ್ರೈವಿನಿಂದ ಎಳೆದರೆ ಪೆನ್‌ಡ್ರೈವಿನಲ್ಲೇ ಸಿಗುತ್ತದೆ. ಕಂಪ್ಯೂಟರ್ ಅಂದರೆ ಹಿಂಜರಿಯುವ ಹಿರಿಯ ಗುಮಾಸ್ತರೂ ‘ಎಳೆದು ಬಿಡೋದಷ್ಟೇ ತಾನೆ’ ಅಂತ ಒಪ್ಪಿಕೊಂಡರು.

ಮೊದಲು ಎಳೆದುಬಿಡಲು ಬ್ಯಾಚ್ ಫೈಲಿತ್ತು. ಅದಕ್ಕೆ ಆಗದಿದ್ದು & ಚಿಹ್ನೆ. ಫೈಲಿನ ಹೆಸರಿನಲ್ಲಿ ಸ್ಪೇಸ್ ಇದ್ದರೆ ವಿಂಡೋಸ್ ಅದಕ್ಕೆ ಉದ್ಧರಣ ಚಿಹ್ನೆ ಹಾಕಿ ಕೊಡುತ್ತದೆ, ಬರೀ & ಇದ್ದರೆ ಹಾಕುವುದಿಲ್ಲ, ಕಮಾಂಡ್ ಪ್ರಾಂಪ್ಟು ಅಲ್ಲಿಗೆ ಸಾಲನ್ನು ತುಂಡು ಮಾಡುತ್ತದೆ. ಅರ್ಧದಷ್ಟು ಗಿರಾಕಿಗಳ ಹೆಸರಲ್ಲಿ ‘&ಸನ್ಸ್’, ‘&ಕೋ’ ಇರುವ ಕಚೇರಿ ನಮ್ಮದು. ಬ್ಯಾಚನ್ನು ನಡುವಿನಿಂದ ತೆಗೆದು ನೇರ ಪೈಥಾನ್ ಫೈಲಿನ ಮೇಲೇ ಬಿಡುವಂತೆ ಮಾಡಿದೆ. ಪೈಥಾನ್ ಇನ್‌ಸ್ಟಾಲರ್ ಜೊತೆ ಬರುವ ಲಾಂಚರ್ ಅದನ್ನು ಒಪ್ಪಿಕೊಳ್ಳುತ್ತದೆ. ಕಿಟಕಿ ತಟ್ಟನೆ ಮುಚ್ಚಿಹೋಗದಿರಲಿ ಅಂತ ಕೊನೆಯಲ್ಲಿ ಒಂದು ಇನ್‌ಪುಟ್() ಹಾಕಿದ್ದೇನೆ.

ಪೈಥಾನ್ ಬಗ್ಗೆ ಇನ್ನೊಂದು. ಸಾಮಾನ್ಯ ಉದ್ಧರಣ ಚಿಹ್ನೆಯೊಳಗೆ ಸಿ:\ಯೂಸರ್ಸ್ ಅಂತ ಬರೆದರೆ ಸ್ಕ್ರಿಪ್ಟು ಓಡುವುದೇ ಇಲ್ಲ, ‘ಯೂನಿಕೋಡ್ ಎಸ್ಕೇಪ್’ ಅಂತ ಎರರ್ ಬರುತ್ತದೆ. ಬ್ಯಾಕ್‌ಸ್ಲ್ಯಾಶ್ ಮುಂದೆ ಕ್ಯಾಪಿಟಲ್ ಯು ಬಂದರೆ ಅದು ಎಂಟು ಅಂಕಿಯ ಯೂನಿಕೋಡ್ ಸಂಕೇತದ ಆರಂಭ ಅಂತ ಪೈಥಾನ್ ತಿಳಿಯುತ್ತದೆ. ಎಲ್ಲರೂ ಉದ್ಧರಣ ಚಿಹ್ನೆಗೆ ಮುಂಚೆ ಒಂದು ಆರ್ ಹಾಕಿ ದಾಟಿಹೋಗುತ್ತಾರೆ. ಹೊಸಬರಿಗೆ ನಾನು ಹೇಳುವುದು, ಆ ಎರರ್ ಬಂದಾಗ ಆರ್ ಹಾಕುವ ಬದಲು ಆ ಪಾತನ್ನೇ ಅಳಿಸಿ.

ಎಕ್ಸೆಲ್‌ನಲ್ಲಿ ಫೈಲು ಇರುವ ಜಾಗ ಹೇಳುವ ದಿಸ್‌ವರ್ಕ್‌ಬುಕ್.ಪಾತ್ ಇದೆಯಲ್ಲ ಅಂತ ನಿಮಗನಿಸಬಹುದು. ವರ್ಕ್‌ಬುಕ್ ಒನ್‌ಡ್ರೈವ್ ಒಳಗಿದ್ದರೆ ಅದು ಡಿಸ್ಕಿನ ಪಾತ್ ಕೊಡದೆ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ವೆಬ್ ವಿಳಾಸ ಕೊಡಬಹುದು, ಮುಂದೆ ಫೈಲು ಹುಡುಕುವ ಡಿರ್() ಅಲ್ಲೇ ಮುಗ್ಗರಿಸುತ್ತದೆ. ಅದಕ್ಕೆ ಸ್ಟೇಟ್‌ಮೆಂಟ್ ಮ್ಯಾಕ್ರೊದಲ್ಲಿ ಫೋಲ್ಡರ್ ಆರಿಸುವ ಕಿಟಕಿ ತೆರೆಸಿ, ಆರಿಸಿದ್ದನ್ನು ಒಂದು ಸೆಲ್‌ನಲ್ಲಿ ಉಳಿಸಿದ್ದೇನೆ. ಪವರ್ ಕ್ವೆರಿಯೂ ಅದೇ ಸೆಲ್ಲಿಗೆ ಹೆಸರಿಟ್ಟು ಎಕ್ಸೆಲ್.ಕರೆಂಟ್‌ವರ್ಕ್‌ಬುಕ್() ಮೂಲಕ ಓದಿಕೊಳ್ಳುತ್ತದೆ.

ಮೂರನೆಯ ಬಗೆ ಕಚೇರಿಯದು: ಬ್ಯಾಕಪ್ ಹೋಗಬೇಕಾದ ನೆಟ್‌ವರ್ಕ್ ಜಾಗ, ಟ್ಯಾಲಿ ಡೇಟಾ. ಇದನ್ನು ವಿಂಡೋಸನ್ನು ಕೇಳಿದರೆ ಗೊತ್ತಾಗುವುದಿಲ್ಲ, ಯಾರಾದರೂ ಬರೆದಿಡಲೇಬೇಕು. ಸ್ಕ್ರಿಪ್ಟಿನೊಳಗೆ ಬರೆಯದೆ ಪಕ್ಕದ ಸೆಟ್ಟಿಂಗ್ಸ್.ಐಎನ್‌ಐ ಫೈಲಿನಲ್ಲಿ ಬರೆದಿದ್ದೇನೆ. ಪೈಥಾನಿನ ಕಾನ್ಫಿಗ್‌ಪಾರ್ಸರ್ ಬಳಸುವವರು ಇಂಟರ್‌ಪೊಲೇಶನ್=ನನ್ ಅಂತ ಕೊಡುವುದನ್ನು ಮರೆಯಬಾರದು. ಇಲ್ಲದಿದ್ದರೆ ಫೈಲಿನಲ್ಲಿ %ಲೋಕಲ್‌ಆ್ಯಪ್‌ಡೇಟಾ% ಅಂತ ಇರುವ ಸಾಲನ್ನು ಓದುವಾಗ ಶೇಕಡಾ ಚಿಹ್ನೆಗೇ ಅದು ಮುನಿಸಿಕೊಳ್ಳುತ್ತದೆ. ಓದಿದ ಮೇಲೆ ಓಎಸ್.ಪಾತ್.ಎಕ್ಸ್‌ಪ್ಯಾಂಡ್‌ವಾರ್ಸ್ ಮೂಲಕ ಹಾಯಿಸಿದರೆ ನಿಜವಾದ ಪಾತ್ ಸಿಗುತ್ತದೆ.

ರಾತ್ರಿಯ ಬ್ಯಾಕಪ್ಪಿಗೆ ಜೆಡ್: ಅಂತ ಮ್ಯಾಪ್ ಮಾಡಿದ ಡ್ರೈವ್ ಬರೆದಿತ್ತು. ಮ್ಯಾಪಿಂಗ್ ಅನ್ನುವುದು ಲಾಗಿನ್ ಆದವರ ಸೆಶನ್ನಿಗೆ ಸೇರಿದ್ದು, ಯಾರೂ ಲಾಗಿನ್ ಆಗಿರದ ಹೊತ್ತಿನಲ್ಲಿ ಓಡುವ ಟಾಸ್ಕಿಗೆ ಜೆಡ್: ಕಾಣುವುದಿಲ್ಲ. ಎರಡು ಬ್ಯಾಕ್‌ಸ್ಲ್ಯಾಶಿನಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ಪಾತ್ ಬರೆದೆ. ಟಾಸ್ಕನ್ನು ಸಿಸ್ಟಮ್ ಅಕೌಂಟಿನಲ್ಲಿ ಓಡಿಸುವವರಿಗೆ ಇನ್ನೊಂದು ಮಾತು: ಅಲ್ಲಿ ಯೂಸರ್‌ಪ್ರೊಫೈಲ್ ಅಂದರೆ ಸಿಸ್ಟಮ್32ರ ಒಳಗಿನ ಸಿಸ್ಟಮ್‌ಪ್ರೊಫೈಲ್ ಅನ್ನುವ ಫೋಲ್ಡರು, ನಿಮ್ಮ ಸ್ವಂತ ಫೋಲ್ಡರ್ ಅಲ್ಲ.

ಲಿನಕ್ಸಿನದು ಇಷ್ಟೇ: ಸ್ವಂತ ಫೋಲ್ಡರನ್ನು ಸೂಚಿಸುವ ಟಿಲ್ಡೆಯನ್ನು (~) ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಶೆಲ್ ಅದನ್ನು ಬಿಡಿಸುವುದಿಲ್ಲ, $ಹೋಮ್ ಬಳಸಿ. ಡೆಸ್ಕ್‌ಟಾಪಿಗೆ ಎಕ್ಸ್‌ಡಿಜಿ-ಯೂಸರ್-ಡಿರ್ ಕಮಾಂಡ್ ಕೇಳಿ, ಲಾಗಿನ್ ಭಾಷೆ ಬದಲಿಸಿದವರಲ್ಲಿ ಫೋಲ್ಡರಿನ ಹೆಸರೇ ಬೇರೆ ಭಾಷೆಯಲ್ಲಿರಬಹುದು.

ಕೆಲಸ ಮುಗಿಯಿತೋ ಇಲ್ಲವೋ ಅಂತ ನೋಡಲು ನನ್ನ ಕಂಪ್ಯೂಟರಿನಲ್ಲೇ ಎರಡು ಹೊಸ ಲೋಕಲ್ ಯೂಸರ್ ಮಾಡಿದೆ. ಒಂದರ ಹೆಸರಲ್ಲಿ ಸ್ಪೇಸ್ ಇತ್ತು. ಇನ್ನೊಂದನ್ನು ಬೇಕಂತಲೇ ಕನ್ನಡದಲ್ಲಿ ‘ಲೆಕ್ಕ’ ಅಂತಿಟ್ಟೆ. ಸ್ಪೇಸ್ ಇದ್ದ ಯೂಸರ್ ಉದ್ಧರಣ ಚಿಹ್ನೆ ಬಿಟ್ಟುಹೋದ ಜಾಗಗಳನ್ನೆಲ್ಲ ಒಂದೇ ಸಲಕ್ಕೆ ಹಿಡಿದುಕೊಟ್ಟ. ಕನ್ನಡ ಯೂಸರ್ ಹಿಡಿದದ್ದು ಮ್ಯಾಕ್ರೊವನ್ನು. ಪೈಥಾನೂ ಪವರ್‌ಶೆಲ್ಲೂ ‘ಲೆಕ್ಕ’ ಫೋಲ್ಡರನ್ನು ತಕರಾರಿಲ್ಲದೆ ತೆರೆದವು. ಮ್ಯಾಕ್ರೊದ ಎನ್ವಿರಾನ್("ಯೂಸರ್‌ಪ್ರೊಫೈಲ್") ಮಾತ್ರ ‘ಲೆಕ್ಕ’ ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕೊಟ್ಟಿತು. ಆ ಫಂಕ್ಷನ್ ಹಳೆಯ ಆನ್ಸಿ ಕೋಡ್‌ಪೇಜ್ (ಯೂನಿಕೋಡಿಗಿಂತ ಹಿಂದಿನ ಅಕ್ಷರಗಳ ಪಟ್ಟಿ) ಮೂಲಕ ಹೋಗುತ್ತದೆ, ವಿಂಡೋಸಿನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜ್ ಇಲ್ಲ, ನಮ್ಮದು ಯೂನಿಕೋಡಿನಲ್ಲೇ ಹುಟ್ಟಿದ ಬೆಂಬಲ. ಎನ್ವಿರಾನ್ ತೆಗೆದು ಡಬ್ಲ್ಯುಸ್ಕ್ರಿಪ್ಟ್.ಶೆಲ್‌ನ ಎಕ್ಸ್‌ಪ್ಯಾಂಡ್‌ಎನ್ವಿರಾನ್‌ಮೆಂಟ್‌ಸ್ಟ್ರಿಂಗ್ಸ್ ಹಾಕಿದೆ, ಡಿರ್() ಬದಲಿಗೆ ಫೈಲ್‌ಸಿಸ್ಟಮ್‌ಆಬ್ಜೆಕ್ಟ್. ಕನ್ನಡ ಹೆಸರಿನ ಫೈಲುಗಳನ್ನು ಮ್ಯಾಕ್ರೊದಲ್ಲಿ ತೆರೆಯಲಾಗದೆ ಒದ್ದಾಡುವವರಿಗೂ ಇದೇ ಮದ್ದು.

ಈಗ ಪ್ರತಿ ಸ್ಕ್ರಿಪ್ಟೂ ಶುರುವಿನಲ್ಲೇ ಎರಡು ಸಾಲು ಮುದ್ರಿಸುತ್ತದೆ: ಯಾವ ಫೈಲು ಓದುತ್ತಿದ್ದೇನೆ, ಎಲ್ಲಿ ಬರೆಯುತ್ತೇನೆ. ಎರಡೂ ಪೂರ್ತಿ ಪಾತ್. ಫೋನ್ ಮಾಡಿ ‘ಸರ್, ಬರ್ತಾ ಇಲ್ಲ’ ಅಂದವರಿಗೆ ಆ ಎರಡು ಸಾಲು ಓದಿ ಹೇಳಿ ಅನ್ನುತ್ತೇನೆ, ಹೆಚ್ಚಿನ ಸಲ ಓದುತ್ತ ಓದುತ್ತ ಅವರಿಗೇ ಗೊತ್ತಾಗಿಬಿಡುತ್ತದೆ.

ಹಾರ್ಡ್‌ಕೋಡ್ ಆಗಿ, ಅಂದರೆ ಕೈಯಿಂದಲೇ ಬರೆದಿಟ್ಟು, ಉಳಿಸಿದ್ದು ಸೆಟ್ಟಿಂಗ್ಸ್.ಐಎನ್‌ಐ ಒಳಗಿನ ನೆಟ್‌ವರ್ಕ್ ಪಾತ್ ಮಾತ್ರ. ಅದನ್ನೂ ಆಟೊಮ್ಯಾಟಿಕ್ ಮಾಡು ಅಂತ ಒಬ್ಬರು ಹೇಳಿದರು, ಬೇಡ ಅಂದೆ. ಬ್ಯಾಕಪ್ ಎಲ್ಲಿಗೆ ಹೋಗುತ್ತಿದೆ ಅನ್ನುವುದು ಫೈಲು ತೆರೆದವರ ಕಣ್ಣಿಗೆ ಬೀಳುವಂತಿರಬೇಕು.