ಮಾಜಿ ಸೈನಿಕರ ಆತ್ಮಹತ್ಯೆ ವಿಚಾರಣೆಗೆ ಅಹವಾಲು ಬರೆಯುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಒಂದೇ ದಿನ ಕೂತು ಬರೆದು ಮುಗಿಸಲು ಹೋಗಬೇಡಿ.

ನಾನಿರುವುದು ಮೆಲ್ಬರ್ನ್‌ನಲ್ಲಿ. ಪಕ್ಕದ ಮನೆಯವರ ಮಗ ಸೈನ್ಯದಿಂದ ಬಂದ ಮೇಲೆ ತೀರಿಕೊಂಡ. ಸೈನಿಕರ, ಮಾಜಿ ಸೈನಿಕರ ಆತ್ಮಹತ್ಯೆಗಳ ಬಗ್ಗೆ ಆಸ್ಟ್ರೇಲಿಯಾ ಸರ್ಕಾರ ನೇಮಿಸಿದ್ದ ವಿಚಾರಣಾ ಆಯೋಗಕ್ಕೆ, ಅಂದರೆ ರಾಯಲ್ ಕಮಿಷನ್‌ಗೆ, ಆ ತಾಯಿ ಅಹವಾಲು ಬರೆಯುವಾಗ ಪಕ್ಕದಲ್ಲಿ ಕೂತು ಟೈಪ್ ಮಾಡಿದವಳು ನಾನು. ಆ ಕಮಿಷನ್ 2021ರ ಜುಲೈನಲ್ಲಿ ಶುರುವಾಯಿತು, 2023ರ ಅಕ್ಟೋಬರ್‌ವರೆಗೆ ಅಹವಾಲು ತೆಗೆದುಕೊಂಡಿತು, 2024ರ ಸೆಪ್ಟೆಂಬರ್ 9ರಂದು 122 ಶಿಫಾರಸುಗಳ ವರದಿ ಕೊಟ್ಟಿತು. 1997ರಿಂದ 2021ರ ನಡುವೆ ಕನಿಷ್ಠ 1,677 ಸೈನಿಕರು, ಮಾಜಿ ಸೈನಿಕರು ಆತ್ಮಹತ್ಯೆಯಿಂದ ತೀರಿಕೊಂಡಿದ್ದಾರೆ. ಕಮಿಷನ್ ಮುಗಿಯಿತು, ಆದರೆ ಸೆನೆಟ್ (ಆಸ್ಟ್ರೇಲಿಯಾ ಸಂಸತ್ತಿನ ಮೇಲ್ಮನೆ) ಸಮಿತಿಗಳು ಇಂಥ ವಿಷಯದ ಮೇಲೆ ಆಗಾಗ ಅಹವಾಲು ಕೇಳುತ್ತವೆ. ನಿಮ್ಮ ಮನೆಯಲ್ಲೂ ಯಾರಾದರೂ ಆಸ್ಟ್ರೇಲಿಯಾದ ಸೈನ್ಯದಲ್ಲಿದ್ದರೆ ಇದು ಉಪಯೋಗಕ್ಕೆ ಬರಬಹುದು.

ವಿಚಾರಣೆ ಯಾವುದರ ಬಗ್ಗೆ ಅಂತ ಅವರೇ ಒಂದು ಪಟ್ಟಿ ಹಾಕಿರುತ್ತಾರೆ. ಅದನ್ನು ಮೊದಲು ಓದಿ. ನಿಮ್ಮ ಕಥೆ ಅದರಲ್ಲಿ ಯಾವುದಕ್ಕೆ ತಾಗುತ್ತದೆ ಅಂತ ಗುರುತು ಹಾಕಿಕೊಳ್ಳಿ, ಎಲ್ಲದಕ್ಕೂ ಉತ್ತರ ಬರೆಯಬೇಕಾಗಿಲ್ಲ.

ಆಮೇಲೆ ತಾರೀಖುಗಳು. ಇದಕ್ಕೇ ಜಾಸ್ತಿ ಸಮಯ ಕೊಡಿ. ಸೈನ್ಯಕ್ಕೆ ಸೇರಿದ್ದು, ಬಿಟ್ಟಿದ್ದು, ಡಾಕ್ಟರ ಹತ್ತಿರ ಮೊದಲು ಹೋಗಿದ್ದು, ಪರಿಹಾರಕ್ಕೆ ಅರ್ಜಿ (ಕ್ಲೇಮ್) ಹಾಕಿದ್ದು, ಅದಕ್ಕೆ ಉತ್ತರ ಬಂದಿದ್ದು, ಹೀಗೆ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯುತ್ತಾ ಹೋಗಿ. ನಾವು ಹೀಗೆ ಬರೆದಾಗ, ಆ ತಾಯಿ ವರ್ಷಗಳಿಂದ ಬಾಯಿಮಾತಲ್ಲಿ ಹೇಳುತ್ತಾ ಬಂದಿದ್ದ 'ಯಾರೂ ಕೇಳಲಿಲ್ಲ' ಅನ್ನೋ ಮಾತು, ಎರಡು ತಾರೀಖುಗಳ ನಡುವಿನ ಹದಿನಾಲ್ಕು ತಿಂಗಳಾಗಿ ಕಣ್ಣೆದುರು ಬಂತು. ಕೋಪದ ಮಾತನ್ನು ಯಾರಾದರೂ ಪಕ್ಕಕ್ಕಿಡಬಹುದು, ಹದಿನಾಲ್ಕು ತಿಂಗಳನ್ನು ಹೇಗೆ ಇಡುತ್ತಾರೆ? 2022ರ ಆಗಸ್ಟ್‌ನ ಮಧ್ಯಂತರ ವರದಿಯಲ್ಲಿ ಕಮಿಷನ್ ಎತ್ತಿ ಹೇಳಿದ್ದೂ ಇಂಥ ವಿಳಂಬವನ್ನೇ: 40 ಸಾವಿರಕ್ಕೂ ಹೆಚ್ಚು ಕ್ಲೇಮ್‌ಗಳು ಬಾಕಿ ಬಿದ್ದಿದ್ದವು.

ತಾರೀಖು ನೆನಪಿಲ್ಲದಿದ್ದರೆ 'ಸುಮಾರು ಆ ವರ್ಷದ ಚಳಿಗಾಲ' ಅಂತ ಬರೆಯಿರಿ, ಊಹೆಯನ್ನು ಖಚಿತ ಅನ್ನೋ ಹಾಗೆ ಬರೆಯಬೇಡಿ. ಕಣ್ಣಾರೆ ಕಂಡಿದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಅಂತ ಬೇರೆ ಬೇರೆ ಮಾಡಿ. ಪತ್ರ, ಇಮೇಲ್ ಇದ್ದರೆ ನಕಲು ಲಗತ್ತಿಸಿ, ಮೂಲ ಪ್ರತಿ ಕೈಬಿಡಬೇಡಿ.

ಅವನು ಹೇಗೆ ಪ್ರಾಣ ಕಳೆದುಕೊಂಡ ಅನ್ನೋ ವಿವರ ಬೇಡ. ಓದುವವರಲ್ಲಿ ಅದೇ ನೋವಿನಲ್ಲಿರುವವರೂ ಇರುತ್ತಾರೆ. ಅದರ ಬದಲು ಅವನು ಹೇಗೆ ಬದುಕಿದ್ದ ಅಂತ ನಾಲ್ಕು ಸಾಲು ಬರೆಯಿರಿ. ನಾವು ಅವನ ಹಳೇ ಸೈಕಲ್ ರಿಪೇರಿಯ ಹುಚ್ಚಿನ ಬಗ್ಗೆ ಬರೆದೆವು, ನನ್ನ ಪ್ರಕಾರ ಇಡೀ ಅಹವಾಲಿನಲ್ಲಿ ಬಹಳ ಬೇಕಾದ ಸಾಲುಗಳು ಅವೇ.

ಕೊನೆಗೆ, ಏನು ಬದಲಾಗಬೇಕು ಅಂತ ಕೇಳಿ. 'ವ್ಯವಸ್ಥೆ ಸರಿಯಾಗಲಿ' ಅಂದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. 'ಸೈನ್ಯ ಬಿಟ್ಟ ಮೊದಲ ವರ್ಷ ಒಬ್ಬರೇ ಅಧಿಕಾರಿ ಪ್ರತಿ ತಿಂಗಳು ಫೋನ್ ಮಾಡಬೇಕು' ಅಂದರೆ ಮಾಡಬಹುದು, ಅಲ್ವಾ?

ಮನಸ್ಸಿಗೆ ಕನ್ನಡದಲ್ಲೇ ಮಾತು ಬರುತ್ತಿದ್ದರೆ ಕನ್ನಡದಲ್ಲೇ ಬರೆದುಕೊಳ್ಳಿ, ಇಂಗ್ಲಿಷ್ ಆಮೇಲೆ ಮಾಡಿಸಬಹುದು.

ಗುಟ್ಟು ಕಾಪಾಡಿಕೊಳ್ಳುವ ಬಗ್ಗೆಯೂ ಒಂದು ಮಾತು. ಸೆನೆಟ್ ಸಮಿತಿಗೆ ಬಂದ ಅಹವಾಲು ಸಾಮಾನ್ಯವಾಗಿ ಅವರ ವೆಬ್‌ಸೈಟಿನಲ್ಲಿ ಪ್ರಕಟವಾಗುತ್ತದೆ. ಹೆಸರು ಬೇಡ ಅಥವಾ ಪೂರ್ತಿ ಗುಟ್ಟಾಗಿರಲಿ ಅಂದರೆ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಿರಿ. ಸಮಿತಿ ಪ್ರಕಟಿಸುವ ಮೊದಲು ನೀವು ಫೇಸ್‌ಬುಕ್‌ನಲ್ಲಿ ಹಾಕಬೇಡಿ, ಸಂಸತ್ತಿನ ಕಾನೂನು ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಸೈನ್ಯದ ರಹಸ್ಯ ಮಾಹಿತಿ ಏನಾದರೂ ಬರುತ್ತದೆ ಅನ್ನಿಸಿದರೆ ವಕೀಲರನ್ನು ಕೇಳದೆ ಬರೆಯಬೇಡಿ.

ಬರೆಯುವಾಗ ಕೈ ನಡುಗಿದರೆ ನಿಲ್ಲಿಸಿ. ಆಸ್ಟ್ರೇಲಿಯಾದ ಸೈನಿಕರಿಗೂ ಅವರ ಮನೆಯವರಿಗೂ ಓಪನ್ ಆರ್ಮ್ಸ್ ಅನ್ನೋ ಆಪ್ತಸಲಹೆ ಸೇವೆ ಇದೆ, 1800 011 046, ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು. ಅಲ್ಲಿ ಯಾರು ಬೇಕಾದರೂ ಕರೆ ಮಾಡಬಹುದಾದ ಸಹಾಯವಾಣಿ ಲೈಫ್‌ಲೈನ್ 13 11 14. ಭಾರತದಲ್ಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಕಳಿಸುವ ದಿನ ಮಾತ್ರ ಒಬ್ಬರೇ ಇರಬೇಡಿ. ಬಟನ್ ಒತ್ತಿದ ಮೇಲೆ ಆ ತಾಯಿ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ನಾನು ಅನ್ನ ಸಾರು ಮಾಡಿದೆ, ಇಬ್ಬರೂ ಊಟ ಮಾಡಿದೆವು.