ಹೊರಗಿನ ಕಾಲ್ 32 ಸೆಕೆಂಡಿಗೆ ಕಟ್ ಆಗುತ್ತಿತ್ತು: ನನ್ನ ಅನುಭವ

ನಮ್ಮ ಆಫೀಸಿನ ಇಂಟರ್ನೆಟ್ ಫೋನ್‌ನಲ್ಲಿ ಹೊರಗಿನಿಂದ ಬಂದ ಕಾಲ್ ಎತ್ತಿದರೆ ಎರಡೂ ಕಡೆ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಆದರೆ 32ನೇ ಸೆಕೆಂಡಿಗೆ ಕಟ್. ಆಫೀಸಿನೊಳಗಿನ ಕಾಲ್‌ಗಳಿಗೆ ಏನೂ ತೊಂದರೆ ಇರಲಿಲ್ಲ.

ಫೋನ್, ಕೇಬಲ್ ಬದಲಿಸಿದೆ. ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ. ಧ್ವನಿಯನ್ನು ಡಿಜಿಟಲ್ ಮಾಡುವ ಕೋಡೆಕ್ ಅನ್ನು ಜಿ.711ಕ್ಕೆ ಇಟ್ಟೆ. ಮಾತಿನ ಧ್ವನಿ ಸಾಗಿಸುವ ಆರ್‌ಟಿಪಿ ಪೋರ್ಟ್‌ಗಳನ್ನೂ ತೆರೆದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಮಾತು ಕೇಳಿಸುತ್ತಿದೆ ಅಂದಮೇಲೆ ಆರ್‌ಟಿಪಿ ಮುಟ್ಟುವ ಅಗತ್ಯವೇ ಇರಲಿಲ್ಲ, ಅಲ್ವಾ?

ಕೊನೆಗೆ ನೆಟ್‌ವರ್ಕ್‌ನಲ್ಲಿ ಹೋಗಿಬರುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿ ನೋಡಿದೆ. ನಮ್ಮ ಪಿಬಿಎಕ್ಸ್ (ಆಫೀಸಿನ ಫೋನ್ ಎಕ್ಸ್‌ಚೇಂಜ್) ಕಾಲ್ ಎತ್ತಿದೆವು ಎಂದು ‘200 ಓಕೆ’ ಕಳಿಸುತ್ತದೆ, ಅದಕ್ಕೆ ಬರಬೇಕಾದ ‘ಆ್ಯಕ್’ (ತಲುಪಿತು ಎಂಬ ಉತ್ತರ) ಬರುವುದೇ ಇಲ್ಲ. ಅದೇ 200 ಓಕೆ ಅರ್ಧ, 1, 2, ಆಮೇಲೆ 4 ಸೆಕೆಂಡಿನ ಅಂತರದಲ್ಲಿ ಮತ್ತೆ ಮತ್ತೆ ಹೋಗುತ್ತಿತ್ತು. ಕಾಲ್ ಜೋಡಿಸಿ ಮುಗಿಸುವ ಪ್ರೋಟೋಕಾಲ್ ಸಿಪ್. ಅದರ ಟಿ1 ಟೈಮರ್ 500 ಮಿಲಿಸೆಕೆಂಡ್. ಈ ಟೈಮರ್‌ನ 64 ಪಟ್ಟು ಅಂದರೆ 32 ಸೆಕೆಂಡ್ ಕಾದು ಪಿಬಿಎಕ್ಸ್ ‘ಬೈ’ (ಕಾಲ್ ಮುಗಿಸುವ ಸಂದೇಶ) ಕಳಿಸುತ್ತಿತ್ತು. ರೂಟರ್‌ನ ಸಿಪ್ ಎಎಲ್‌ಜಿ (ಸಿಪ್ ಸಂದೇಶಗಳನ್ನು ತಿದ್ದುವ ಸೌಲಭ್ಯ), ಉತ್ತರ ಎಲ್ಲಿಗೆ ಕಳಿಸಬೇಕು ಎಂದು ಹೇಳುವ ಕಾಂಟ್ಯಾಕ್ಟ್ ಹೆಡರ್‌ನಲ್ಲಿ ಸಿಪ್‌ನ ಮಾಮೂಲಿ ಪೋರ್ಟ್ 5060ರ ಬದಲು ಬೇರೆ ಪೋರ್ಟ್ ಬರೆದಿತ್ತು. ಆ್ಯಕ್ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು.

ಇದೇ ಕ್ರಮದಲ್ಲಿ ಮಾಡಿ. ಮೊದಲು ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಆಫ್. ಅಷ್ಟಕ್ಕೇ ನಿಲ್ಲಿಸಿದರೆ ಕಾಂಟ್ಯಾಕ್ಟ್‌ನಲ್ಲಿ 192.168 ವಿಳಾಸ (ಆಫೀಸಿನೊಳಗಷ್ಟೇ ನಡೆಯುವ ವಿಳಾಸ) ಹೊರಗೆ ಹೋಗುತ್ತದೆ, ನನಗೂ ಹಾಗೇ ಆಯಿತು. ಅದಕ್ಕೆ ಪಿಬಿಎಕ್ಸ್‌ನ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ) ಸೆಟ್ಟಿಂಗ್‌ನಲ್ಲಿ ಎಕ್ಸ್‌ಟರ್ನಲ್ ವಿಳಾಸಕ್ಕೆ ಪಬ್ಲಿಕ್ ಐಪಿ, ಲೋಕಲ್ ನೆಟ್‌ವರ್ಕ್‌ಗೆ 192.168.1.0/24 ಕೊಟ್ಟೆ (ನಿಮ್ಮ ಆಫೀಸಿನದು ಬೇರೆ ಇರಬಹುದು). ಆಮೇಲೆ ರೂಟರ್ ರೀಬೂಟ್ ಮಾಡಲೇಬೇಕು, ಇಲ್ಲದಿದ್ದರೆ ರೂಟರ್ ನೆನಪಿಟ್ಟುಕೊಂಡ ಹಳೆಯ ಸಂಪರ್ಕ (ಯುಡಿಪಿ ಸೆಷನ್) ಹಾಗೇ ಉಳಿಯಬಹುದು. ಕೊನೆಗೆ ಟ್ರಂಕ್ (ಫೋನ್ ಕಂಪನಿಯ ಜೊತೆಗಿನ ಲೈನ್) ಮತ್ತೆ ರಿಜಿಸ್ಟರ್ ಮಾಡಿ. 200 ಓಕೆ ಹೋದ ತಕ್ಷಣ ಆ್ಯಕ್ ಬಂತು. ಕಾಲ್ ಈಗ ಕಟ್ ಆಗುತ್ತಿಲ್ಲ.